ರಾಗಿ ಹುಡುಕುವಾಗ ಕಲಿತದ್ದು: ಗೂಗಲ್, ಸ್ಕಾಲರ್, ಪಬ್‌ಮೆಡ್, ಕೃಷಿಕೋಶ್

ಪ್ರಾಜೆಕ್ಟ್ ವಿಷಯ ರಾಗಿಯ ಕ್ಯಾಲ್ಸಿಯಂ. ಎಷ್ಟಿದೆ, ಅದರಲ್ಲಿ ಮೈಗೆ ಹತ್ತುವುದು ಎಷ್ಟು, ಇಷ್ಟೇ ಪ್ರಶ್ನೆ. ಫುಡ್ ಅಂಡ್ ನ್ಯೂಟ್ರಿಷನ್ ಓದುತ್ತಿರುವವರಿಗೆ ಅಂತ ಬರೆಯುತ್ತಿದ್ದೇನೆ, ಆದರೆ ರಾಗಿ ಜಾಗದಲ್ಲಿ ನಿಮ್ಮ ವಿಷಯ ಇಟ್ಟುಕೊಂಡರೂ ನಡೆಯುತ್ತದೆ.

ಮೊದಲು ಮಾಮೂಲಿ ಗೂಗಲ್. ಹುಡುಕಿದ ತಕ್ಷಣ ಆರೋಗ್ಯ ಸಲಹೆಗಳ ಸಾಲು ಬರುತ್ತದೆ. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಒಬ್ಬರು, 364 ಅಂತ ಇನ್ನೊಬ್ಬರು. ಎಲ್ಲಿಂದ ತಂದರು ಅಂತ ಹೇಳುವವರು ಕಡಿಮೆ. ಎರಡೂ ಸುಳ್ಳಲ್ಲ. ಎರಡೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕಗಳದ್ದೇ. 344 ಹಳೆಯದರಲ್ಲಿದೆ, 364 ಅನ್ನೋ ಸರಾಸರಿ 2017ರದ್ದರಲ್ಲಿದೆ. ಇಂಥ ಮೂಲ ಕೋಷ್ಟಕ ಬೇಕಾದಾಗ ಹುಡುಕುವ ಪದಗಳ ಕೊನೆಗೆ ಇಂಗ್ಲಿಷ್‌ನಲ್ಲಿ ಫೈಲ್‌ಟೈಪ್ ಅಂತ ಒಂದೇ ಪದವಾಗಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಪಿಡಿಎಫ್ ಅಂತ ಸೇರಿಸಿ. ಅಡುಗೆ ಪುಟಗಳು ಬಹುಪಾಲು ಉದುರಿಹೋಗುತ್ತವೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ವಾ, ಆಗ ಹಾಕಿದ ರಾಗಿ ಕುಕ್ಕೀಸ್ ರೆಸಿಪಿಗಳು ಇನ್ನೂ ಮುಗಿದಿಲ್ಲ. ಗೂಗಲ್ ಬಗ್ಗೆ ಇಷ್ಟು ಸಾಕು.

ಈಗ ತಲೆ ಕೆಡಿಸಿದ ಭಾಗ. ಅದೇ ಪದಗಳನ್ನು ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ಗೆ ಕೊಟ್ಟರೆ ರಾಶಿ ರಾಶಿ ಲೇಖನ, ವೈದ್ಯಕೀಯ, ಜೀವವಿಜ್ಞಾನ ಲೇಖನಗಳ ಸೂಚಿಯಾದ ಪಬ್‌ಮೆಡ್‌ಗೆ ಕೊಟ್ಟರೆ ಬೆರಳೆಣಿಕೆ. ಪಬ್‌ಮೆಡ್‌ನಲ್ಲಿ ಲೇಖನಗಳೇ ಕಮ್ಮಿ ಇವೆ ಅನ್ನಿಸುತ್ತದೆ. ಪೂರ್ತಿ ವಿಷಯ ಅದಲ್ಲ. ಇಬ್ಬರೂ ಹುಡುಕುವ ಜಾಗವೇ ಬೇರೆ. ಸ್ಕಾಲರ್‌ಗೆ ಸಿಕ್ಕ ಕಡೆಯಲ್ಲೆಲ್ಲ ಅದು ಲೇಖನದ ಒಳಗೂ ಓದುತ್ತದೆ, ಕೋಷ್ಟಕ, ಅಡಿಟಿಪ್ಪಣಿ, ಕೊನೆಯ ಉಲ್ಲೇಖಗಳವರೆಗೂ. ಪಬ್‌ಮೆಡ್ ಲೇಖನದೊಳಗೆ ಹೋಗುವುದಿಲ್ಲ. ಶೀರ್ಷಿಕೆ, ಲೇಖಕರು, ಸಾರಾಂಶ, ವಿಷಯಪದಗಳು ಇರುವ ದಾಖಲೆಯನ್ನು ಮಾತ್ರ ನೋಡುತ್ತದೆ. ಗ್ರಂಥಾಲಯದ ಕಾರ್ಡ್ ನೋಡುವುದಕ್ಕೂ ಪುಸ್ತಕವನ್ನೇ ಬಿಚ್ಚಿ ಓದುವುದಕ್ಕೂ ಇರುವಷ್ಟು ವ್ಯತ್ಯಾಸ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಮಕ್ಕಳ ಪೂರಕ ಆಹಾರದ ಬಗ್ಗೆ ಒಂದು ಲೇಖನ ಇದೆ, ರಾಗಿಯ ಹೆಸರು ಅದರ ಮೂರನೇ ಕೋಷ್ಟಕದಲ್ಲಿ ಮಾತ್ರ ಬರುತ್ತದೆ. ಸ್ಕಾಲರ್ ಅದನ್ನು ಹಿಡಿಯಬಹುದು, ಪಬ್‌ಮೆಡ್ ಕೈಗೆ ಅದು ಸಿಗುವುದೇ ಇಲ್ಲ. ಉಲ್ಟಾನೂ ನಿಜ. ಗೋಧಿ ಬಗ್ಗೆ ಬರೆದ ಲೇಖನದ ಕೊನೆಯ ಉಲ್ಲೇಖದಲ್ಲಿ ರಾಗಿ ಅಂತ ಒಂದು ಸಲ ಬಂದಿದ್ದರೂ ಸ್ಕಾಲರ್ ತಂದು ಮುಂದಿಡಬಹುದು. ಹಾಗಾಗಿ ಸ್ಕಾಲರ್‌ನಲ್ಲಿ ಜಾಸ್ತಿ ಬಂದರೆ ಪದ ಬಿಗಿ ಮಾಡಬೇಕು, ಪಬ್‌ಮೆಡ್‌ನಲ್ಲಿ ಏನೂ ಬರದಿದ್ದರೆ ಪದ ಸಡಿಲಿಸಬೇಕು. ಎರಡಕ್ಕೂ ಒಂದೇ ಸಾಲು ಅಂಟಿಸಿದರೆ ಎರಡರಲ್ಲೂ ಕೆಲಸ ಕೆಡುತ್ತದೆ.

ಪಬ್‌ಮೆಡ್‌ಗೆ ಪೂರ್ತಿ ವಾಕ್ಯ ಬರೆಯಬೇಡಿ. 'ಮೊಳಕೆ ಬರಿಸಿದ ರಾಗಿಯಿಂದ ಮಕ್ಕಳಲ್ಲಿ ಕ್ಯಾಲ್ಸಿಯಂ ಹೀರಿಕೆ ಎಷ್ಟು' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಅದು ಮುಖ್ಯ ಪದಗಳನ್ನೆಲ್ಲ ಆಂಡ್ ಹಾಕಿ ಸೇರಿಸುತ್ತದೆ, ಅಂದರೆ ಆ ಎಲ್ಲವೂ ಒಂದೇ ದಾಖಲೆಯಲ್ಲಿ ಇರಬೇಕು. ಅಂಥದ್ದು ಎಲ್ಲಿ ಸಿಗುತ್ತದೆ? ಬದಲಿಗೆ ರಾಗಿಯ ಮೂರೂ ಹೆಸರು, ಅಂದರೆ ರಾಗಿ, ಫಿಂಗರ್ ಮಿಲ್ಲೆಟ್, ವೈಜ್ಞಾನಿಕ ಹೆಸರಾದ ಎಲುಸಿನ್ ಕೊರಕಾನ, ಇವುಗಳನ್ನು ನಡುವೆ ಆರ್ ಅಂತ ಹಾಕಿ ಒಂದು ಬ್ರಾಕೆಟ್‌ನೊಳಗೆ ಇಡಿ. ಆಮೇಲೆ ಆಂಡ್, ಆಮೇಲೆ ಕ್ಯಾಲ್ಸಿಯಂ. ಅಷ್ಟೇ. ಆರ್, ಆಂಡ್ ಎರಡೂ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇರಬೇಕು. ರಾಗಿ ಅಂತ ಒಂದೇ ಪದ ಕೊಟ್ಟರೆ ಇಂಡೋನೇಷ್ಯಾದ ಲೇಖನಗಳೂ ನುಗ್ಗುತ್ತವೆ. ಅಲ್ಲಿ ರಾಗಿ ಅಂದರೆ ಹುದುಗು ಬರಿಸುವ ಯೀಸ್ಟು!

ಇನ್ನೂ ಅನುಮಾನ ಇದ್ದರೆ ಪಬ್‌ಮೆಡ್‌ನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ. ಕೆಳಗೆ ನೀವು ಹುಡುಕಿದ್ದರ ಪಟ್ಟಿ ಇರುತ್ತದೆ, ಅಲ್ಲಿ ಡೀಟೇಲ್ಸ್ ಬಿಚ್ಚಿ ನೋಡಿ. ನೀವು ಬರೆದದ್ದನ್ನು ಅದು ಹೇಗೆ ಒಡೆದು, ಏನೇನು ಸೇರಿಸಿ ಓದಿಕೊಂಡಿತು ಅಂತ ಉದ್ದಕ್ಕೆ ಬರೆದಿರುತ್ತದೆ. ನನಗೆ ಈ ವಿಷಯ ಅರ್ಥವಾಗಿದ್ದು ಅದನ್ನು ನೋಡಿದ ಮೇಲೆಯೇ.

ಇನ್ನು ನನ್ನ ಮೆಚ್ಚಿನ ದಾರಿ, ಇದು ಸ್ಕಾಲರ್‌ನದ್ದು. ಒಂದು ಒಳ್ಳೆ ಹಳೆಯ ಲೇಖನ ಸಿಕ್ಕರೆ ಸಾಕು. ಉದಾಹರಣೆಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದ ಎನ್. ಜಿ. ಮಲ್ಲೇಶಿ ಅವರು ರಾಗಿ ಮಾಲ್ಟ್ ಬಗ್ಗೆ ಬರೆದವು. ಲೇಖನದ ಕೆಳಗೆ ಸೈಟೆಡ್ ಬೈ ಅಂತ ಇರುತ್ತದೆ, ಒತ್ತಿದರೆ ಅದನ್ನು ಉಲ್ಲೇಖಿಸಿ ಆಮೇಲೆ ಬಂದವೆಲ್ಲ ಬರುತ್ತವೆ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಆ ಪುಟದ ಮೇಲೆ ಒಂದು ಸಣ್ಣ ಚೌಕ ಇದೆ, ಉಲ್ಲೇಖಿಸಿದ ಲೇಖನಗಳೊಳಗೆ ಮಾತ್ರ ಹುಡುಕು ಅನ್ನುವುದು. ಅದಕ್ಕೆ ಟಿಕ್ ಹಾಕಿ, ಮೇಲೆ ಫೈಟೇಟ್ ಅಂತ ಬರೆಯಿರಿ, ಇಲ್ಲವೇ ಆಕ್ಸಲೇಟ್. ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುವುದು ಇವೇ ತಾನೇ, ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ರಾಶಿಯೊಳಗಿಂದ ನಮಗೆ ಬೇಕಾದ ನಾಲ್ಕೈದು ಮೇಲೆ ಬರುತ್ತವೆ. ಪಿಡಿಎಫ್ ದುಡ್ಡು ಕೇಳಿದರೆ ಆಲ್ ವರ್ಷನ್ಸ್ ಒತ್ತಿ ನೋಡಿ, ಎಷ್ಟೋ ಸಲ ಬಿಟ್ಟಿ ಪ್ರತಿ ಇನ್ನೆಲ್ಲೋ ಇರುತ್ತದೆ. ಆದರೆ ಸ್ಕಾಲರ್‌ನಲ್ಲಿ ಬಂತು ಅಂದ ಮಾತ್ರಕ್ಕೆ ಲೇಖನ ಗಟ್ಟಿ ಅಂತ ಅಲ್ಲ. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳೂ ಅದರಲ್ಲಿ ಇವೆ.

ಪ್ರಬಂಧಗಳಿಗೆ ಎರಡು ಜಾಗ. ಕೃಷಿ ವಿಶ್ವವಿದ್ಯಾಲಯಗಳದ್ದು ಕೃಷಿಕೋಶ್‌ನಲ್ಲಿ, ಉಳಿದವರ ಪಿಎಚ್‌ಡಿ ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ. ಶೋಧಗಂಗಾದಲ್ಲಿ ಅಧ್ಯಾಯಕ್ಕೊಂದು ಪಿಡಿಎಫ್ ಇರುವುದು ಒಳ್ಳೆಯದೇ ಆಯಿತು, ಸಾಹಿತ್ಯ ವಿಮರ್ಶೆಯ ಅಧ್ಯಾಯ ಒಂದನ್ನೇ ಇಳಿಸಿಕೊಂಡರೆ ಅರ್ಧ ಓದು ಮುಗಿದಂತೆ. ಇಲ್ಲೂ ಕಾರ್ಡ್ ನೋಡುವ ಲೆಕ್ಕದಲ್ಲೇ ಪದ ಕೊಡಿ, ಶೀರ್ಷಿಕೆಯಲ್ಲಿ ಇರಬಹುದಾದ ಒಂದೆರಡು ಪದ ಸಾಕು.

ಗೂಗಲ್ ಬದಲು ಡಕ್‌ಡಕ್‌ಗೋ ಅನ್ನೋ ಸರ್ಚ್ ಎಂಜಿನ್ ಬಳಸಿದರೆ ಹೊಸ ರಾಶಿ ಸಿಗುತ್ತದೆ ಅಂದುಕೊಳ್ಳಬೇಡಿ, ಅದರ ಫಲಿತಾಂಶ ಹೆಚ್ಚಾಗಿ ಬಿಂಗ್‌ನಿಂದಲೇ ಬರುತ್ತದೆ. ಬೇರೆ ರಾಶಿ ಬೇಕಾದರೆ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಬೇಸ್ ಅನ್ನೋ ಲೇಖನ ಹುಡುಕುವ ತಾಣ ನೋಡಿ. ಚಾಟ್‌ಬಾಟ್ ಕೊಟ್ಟ ಉಲ್ಲೇಖ ಇದ್ದರೆ ಅದರ ಶೀರ್ಷಿಕೆಯನ್ನು ಸ್ಕಾಲರ್‌ಗೆ ಅಂಟಿಸಿ ನೋಡದೆ ಬರೆದುಕೊಳ್ಳಬೇಡಿ, ಇಲ್ಲದ ಲೇಖನ ಹುಟ್ಟಿಸುವುದು ಅದಕ್ಕೆ ಸಲೀಸು.

ಕೊನೆಗೆ ಕನ್ನಡದ ಗೋಳು. ಕನ್ನಡದ ಎಷ್ಟೋ ಪಿಡಿಎಫ್‌ಗಳು ಹಳೆಯ ನುಡಿ, ಬರಹ ಫಾಂಟಿನಲ್ಲಿವೆ. ಕಣ್ಣಿಗೆ ರಾಗಿ ಅಂತಲೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ಕಲಸುಮೇಲೋಗರ ಬಂದರೆ ಸರ್ಚ್ ಎಂಜಿನ್‌ಗೆ ಕಾಣುವುದೂ ಅದೇ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿದರೆ ಓದಬಹುದು, ಆದರೆ ಅದಕ್ಕೆ ಮೊದಲು ಕಡತ ಸಿಗಬೇಕಲ್ಲ. ಹಾಗಾಗಿ ಇಂಥವನ್ನು ಲೇಖಕರ ಹೆಸರಿನಿಂದ, ಅದೂ ಇಂಗ್ಲಿಷ್ ಅಕ್ಷರದ ಎರಡು ಮೂರು ಬಗೆಯ ಕಾಗುಣಿತದಲ್ಲಿ ಹುಡುಕಿ. ಯೂನಿಕೋಡ್‌ನಲ್ಲೇ ಇದ್ದರೂ ಉದ್ಧರಣ ಚಿಹ್ನೆಯೊಳಗೆ 'ರಾಗಿ' ಅಂತ ಕೊಟ್ಟರೆ 'ರಾಗಿಯ', 'ರಾಗಿಯಲ್ಲಿ' ತಪ್ಪಿಹೋಗಬಹುದು. ಅವನ್ನೂ ಆರ್ ಹಾಕಿ ಸೇರಿಸಿಕೊಳ್ಳಿ.