ಮೆಟ್ರೊ ಬಿಡಿ, ಮೊದಲು ಗಟಾರದ ಮಾತಾಡೋಣ

ಚಹಾ ಅಂಗಡಿಯಲ್ಲಿ ಕೂತರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ನಮ್ಮ ಕಲಬುರಗಿಗೆ ಮೆಟ್ರೊ ಯಾವಾಗ ಬರ್ತದ್ರಿ?" ಸಿವಿಲ್ ಎಂಜಿನಿಯರ್ ಅಂದ ಮೇಲೆ ಇದಕ್ಕೆಲ್ಲ ನನ್ನ ಹತ್ತಿರ ಉತ್ತರ ಇರಬೇಕು ಅಂತ ಅವರ ಲೆಕ್ಕ.

ಕೇಳಿದ್ದಕ್ಕೆ ನಾನು ನಗುವುದಿಲ್ಲ. 2008ರಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದಾಗ ನಕ್ಕವರಲ್ಲಿ ನಾನೂ ಒಬ್ಬ. 2019ರ ನವೆಂಬರ್‌ನಲ್ಲಿ ವಿಮಾನ ಇಳಿದೇ ಬಿಟ್ಟಿತು. ಬೀದರ್ ರೈಲು ಮಾರ್ಗ ಸುಮಾರು 20 ವರ್ಷ ಎಳೆದಾಡಿದರೂ 2017ರಲ್ಲಿ ಶುರುವಾಯಿತು. ಈಗ ಜವಳಿ ಪಾರ್ಕ್, ಸೂರತ್-ಚೆನ್ನೈ ಹೆದ್ದಾರಿಯ ಮಾತು ನಡೆದಿದೆ. ಬರಲಿ. ಇವುಗಳ ದೊಡ್ಡ ಕಂಬಗಳ ಬಗ್ಗೆ ನನಗೆ ಚಿಂತೆಯಿಲ್ಲ. ಕಂಬದ ಪಕ್ಕದ ಸಣ್ಣ ರಸ್ತೆ, ಗಟಾರ, ಪೈಪು, ಇವುಗಳದೇ ಚಿಂತೆ.

ಕಾರಣ ನಮ್ಮ ಎರೆಮಣ್ಣು. ಇದರ ಜೇಡಿಯ ಕಣಗಳು ತೆಳು ಹಾಳೆಗಳ ಕಟ್ಟಿನ ಹಾಗೆ ಇರುತ್ತವೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ತೊಗರಿ ಹೊಲದ ಬಿರುಕಿನೊಳಗೆ ಕೈ ಇಳಿಯುತ್ತದೆ ಅಲ್ವಾ, ಅದೇ ಆಟ. ಮೂರು ಮಹಡಿಯ ಮನೆಯಾದರೆ ತನ್ನ ಭಾರದಿಂದ ಈ ಉಬ್ಬನ್ನು ಒಂದಿಷ್ಟು ಅದುಮಿ ಹಿಡಿಯುತ್ತದೆ. ಕಾಂಪೌಂಡ್ ಗೋಡೆಗೆ ಆ ಭಾರ ಎಲ್ಲಿಂದ ಬರಬೇಕು? ಮಣ್ಣು ಅದನ್ನು ಸುಮ್ನೆ ಎತ್ತಿ ಹಾಕುತ್ತದೆ. ನನ್ನ ಮನೆಯ ಕಾಂಪೌಂಡಿನಲ್ಲೇ ಬೆರಳು ತೂರುವಷ್ಟು ಬಿರುಕಿದೆ. ಎಂಜಿನಿಯರ್ ಮನೆ! ನೆಂಟರು ಬಂದಾಗ ಅಲ್ಲಿ ಹೂವಿನ ಕುಂಡ ಇಡುತ್ತೇವೆ.

ಮೆಟ್ರೊ, ಫ್ಲೈಓವರ್ ಕಂಬಗಳು ಪೈಲ್ ಮೇಲೆ, ಅಂದರೆ ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬದ ಮೇಲೆ, ನಿಲ್ಲುತ್ತವೆ. ಪೈಲ್ ಈ ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ಕಲ್ಲಿಗೆ ಊರುತ್ತದೆ. ಸಣ್ಣ ಕಟ್ಟಡಕ್ಕೂ ಉಪಾಯ ಇದೆ. ಆಳವಾದ ಎರೆಯಲ್ಲಿ ಪೈಲ್ ಕನಿಷ್ಠ 3.5 ಮೀಟರ್ ಇಳಿಯಬೇಕು ಅನ್ನುತ್ತದೆ ನಿಯಮ. ಮಳೆ ಬಿಸಿಲಿನ ಆಟ ಅಷ್ಟು ಆಳಕ್ಕೆ ಹೋಗುವುದು ಕಡಿಮೆ. ರಸ್ತೆಗೆ, ಪೈಪಿಗೆ ಆ ಭಾಗ್ಯ ಇಲ್ಲ. ಅವು ಮಣ್ಣಿನ ಮೇಲೇ ಬದುಕಬೇಕು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗಿನ ಮಾತು. ಒಂದು ಬಡಾವಣೆಯಲ್ಲಿ ಕಡು ಬೇಸಿಗೆಯಲ್ಲಿ ನೀರಿನ ಪೈಪ್ ಹಾಕಿಸಿದೆವು. ತೋಡಿ ತೆಗೆದ ಎರೆಯನ್ನೇ ವಾಪಸ್ ತುಂಬಿದೆವು. ಒಣ ಹೆಂಟೆಗಳು ಕಲ್ಲಿನ ಹಾಗೆ ಗಟ್ಟಿಯಿದ್ದವು, ಮುರುಮಿಗೆ, ಅಂದರೆ ಉಬ್ಬದ ಗರಸು ಮಣ್ಣಿಗೆ, ಯಾಕೆ ಖರ್ಚು ಅಂದುಕೊಂಡೆವು. ಎರಡು ಮಳೆ ಬಿದ್ದವು. ಮಣ್ಣು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದು, ಪೈಪಿನ ಕೀಲುಗಳು ಬಿಚ್ಚಿಕೊಂಡವು. ಅಲ್ಲಿಂದ ಸೋರಿದ ನೀರು ಮಣ್ಣನ್ನು ಇನ್ನಷ್ಟು ಉಬ್ಬಿಸಿತು. ಮೇಲಿನ ಡಾಂಬರು ಎದ್ದಿತು. ಬೈಗುಳ ಬಿದ್ದದ್ದು ಡಾಂಬರಿನವನಿಗೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಈ ಹೆಂಟೆಯ ಮೋಸಕ್ಕೇ ಲ್ಯಾಬಿನಲ್ಲಿ ಮಣ್ಣನ್ನು 4 ದಿನ ನೀರಲ್ಲಿ ನೆನೆಸಿ ಆಮೇಲೆ ಸಿಬಿಆರ್ ಪರೀಕ್ಷೆ ಮಾಡುವುದು. ಜಲ್ಲಿಗೆ ಹೋಲಿಸಿದರೆ ಮಣ್ಣು ಎಷ್ಟು ಗಟ್ಟಿ ಅಂತ ಶೇಕಡದಲ್ಲಿ ಹೇಳುವ ಪರೀಕ್ಷೆ ಇದು. ನೆನೆದ ಎರೆಯಲ್ಲಿ ಅದು 2 ಶೇಕಡದ ಆಸುಪಾಸು ಬರುವುದೇ ಜಾಸ್ತಿ. ಲಾರಿ ಬಸ್ಸು ಹೆಚ್ಚು ಓಡುವ ರಸ್ತೆಗೆ ಕನಿಷ್ಠ 5 ಬೇಕು. ಹಾಗಾಗಿ ಎರೆಯನ್ನು ತೆಗೆದು ಮುರುಮ್ ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಬೇಕು. ಇಷ್ಟು ಮಾಡಿದರೂ ಗಟಾರ ಇಲ್ಲದಿದ್ದರೆ ಕೆಲಸ ಕೆಟ್ಟಿತು. ಅಂಚಿನಲ್ಲಿ ನೀರು ನಿಂತರೆ ಅಂಚು ಮಾತ್ರ ಉಬ್ಬುತ್ತದೆ, ರಸ್ತೆಯ ನಡುವೆ ಒಣಗಿಯೇ ಇರುತ್ತದೆ. ಅಂಚಿನುದ್ದಕ್ಕೂ ಓಡುವ ಸೀಳು ಬೀಳುವುದು ಹೀಗೆ.

ಬೀದರಿನವರ ಪುಣ್ಯ ಬೇರೆ. ಅವರ ಊರು ಜಂಬಿಟ್ಟಿಗೆ ಕಲ್ಲಿನ ಮೇಲಿದೆ, ಮಳೆ ನೀರು ಅದರಲ್ಲಿ ಇಂಗುತ್ತದೆ. ಬಹಮನಿಗಳ ಕಾಲದಲ್ಲಿ ಆ ನೀರನ್ನೇ ಹುಡುಕಿಕೊಂಡು ನೌಬಾದ್ ಕಡೆ ಕರೇಜ್, ಅಂದರೆ ನೆಲದೊಳಗಿನ ನೀರನ್ನು ಹರಿಸಿ ತರುವ ಸುರಂಗ, ತೋಡಿದರು. ನೆಲ ಎಂಥದ್ದು ಅಂತ ನೋಡಿಯೇ ಕೆಲಸ ಶುರು ಮಾಡಿದ್ದರು.

ಇತ್ತೀಚೆಗೆ ಯೋಜನಾ ವರದಿ ಕೈಗೆ ಬಂದರೆ ನಾನು ಮುಂದಿನ ಬಣ್ಣದ ಚಿತ್ರ ನೋಡುವುದಿಲ್ಲ. ಕೊನೆಯಿಂದ ತಿರುವುತ್ತೇನೆ. ಮಣ್ಣಿನ ಪರೀಕ್ಷೆ ಎಷ್ಟು ಕಡೆ ಮಾಡಿದ್ದಾರೆ, ನೆನೆಸಿ ಮಾಡಿದ್ದಾರೋ ಒಣಗಿದ್ದಾಗಲೋ, ಸರ್ವಿಸ್ ರಸ್ತೆಯ ಗಟಾರ ಕೊನೆಗೆ ಯಾವ ಹಳ್ಳ ಸೇರುತ್ತದೆ. ಚಹಾ ಅಂಗಡಿಯ ಹುಡುಗನಿಗೂ ಇದನ್ನೇ ಹೇಳಿದೆ. ಅವನು ಕಪ್ಪು ತೊಳೆದ ನೀರನ್ನು ರಸ್ತೆಯ ಅಂಚಿಗೆ ಚೆಲ್ಲಿ, "ಹೌದ್ರಿ ಸರ್" ಅಂದ.