ವಿಜಯಪುರದ ವಯಸ್ಕರಿಗೆ ತೆರೆಯ ಮೇಲಿನ ಪಾಠ ಹೊಸದಲ್ಲ

ಕೇಂದ್ರ ಸರ್ಕಾರದ ‘ಉಲ್ಲಾಸ್’ ಮೊಬೈಲ್ ಆ್ಯಪ್‌ನಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವುದನ್ನು ಹೊಸ ಕಾಲದ ಸಾಹಸವೆಂದು ಕೊಂಡಾಡುವವರು ಒಮ್ಮೆ 1975ರ ಬಿಜಾಪುರದತ್ತ ನೋಡಬೇಕು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ಆ ವರ್ಷದ ಆಗಸ್ಟ್ 1ರಂದು ‘ಸೈಟ್’ ಎಂಬ ದೂರದರ್ಶನ ಪ್ರಯೋಗ ಆರಂಭಿಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅದು ತಲುಪಬೇಕಿತ್ತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ. ಬಾಗಲಕೋಟೆ ಆಗಿನ್ನೂ ಬಿಜಾಪುರದ ಒಳಗೇ ಇತ್ತು. ಕೋಳಿಗೂಡಿನ ತಂತಿ ಜಾಲರಿಯಿಂದ ಮಾಡಿದ ಹತ್ತಡಿ ಆಂಟೆನಾ, ಊರ ಮಂದಿಗೆಲ್ಲ ಸೇರಿ ಒಂದು ಟಿವಿ. ಹಗಲು ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಒಂದು ವರ್ಷಕ್ಕೆ ಉಪಗ್ರಹದ ಗಡುವು ತೀರಿತು, ಪ್ರಯೋಗವೂ ಮುಗಿಯಿತು.

ಆ ಟಿವಿಯ ಮುಂದೆ ಕೂರಲು ಅಕ್ಷರ ಬೇಕಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಇಂದಿನ ಆ್ಯಪ್‌ಗೆ ಹೆಸರು ನೋಂದಾಯಿಸಬೇಕು, ಒಟಿಪಿ ಓದಿ ಒತ್ತಬೇಕು. ಓದು ಬಾರದವರಿಗೆ ಓದು ಕಲಿಸುವ ಸಾಧನ, ಮೊದಲು ಓದು ಕೇಳುತ್ತದೆ!

1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ಸಾಕ್ಷರತಾ ಮಿಷನ್ ಬಂದವು. 2009ರ ‘ಸಾಕ್ಷರ ಭಾರತ’ ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದನ್ನು ನಡೆಸಲು ಇಬ್ಬರು ಪ್ರೇರಕರು, ತಲಾ ತಿಂಗಳಿಗೆ 2,000 ರೂಪಾಯಿ ಗೌರವಧನ ಎಂದು ಗೊತ್ತುಮಾಡಿತು. ಪುಡಿಗಾಸೇ ನಿಜ. ಆದರೂ ಯಾರು ಕಲಿಯಲು ಬರುತ್ತಿಲ್ಲ, ಯಾರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾರೆ ಎಂದು ಕೇಳಿ ತಿಳಿಯುವುದು ಒಬ್ಬರ ಕೆಲಸವಾಗಿತ್ತು. 2018ರ ಮಾರ್ಚ್‌ನಲ್ಲಿ ಯೋಜನೆಯೇ ನಿಂತಿತು. 2011ರ ಜನಗಣತಿಯಲ್ಲಿ ಶೇ 57ರಷ್ಟೂ ಮಹಿಳಾ ಸಾಕ್ಷರತೆ ಮುಟ್ಟದಿದ್ದ ಜಿಲ್ಲೆ ವಿಜಯಪುರ.

2022ರಿಂದ ಐದು ವರ್ಷಕ್ಕೆ, 1,037.90 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಸ ಸಾಕ್ಷರತಾ ಕಾರ್ಯಕ್ರಮ ಜಾರಿಯಾಯಿತು. ಮರುವರ್ಷ ಅದಕ್ಕೆ ‘ಉಲ್ಲಾಸ್’ ಆ್ಯಪ್ ಸೇರಿತು. 15 ವರ್ಷ ಮೀರಿದ ಐದು ಕೋಟಿ ಜನ ಕಾರ್ಯಕ್ರಮದ ಗುರಿ. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಪರೀಕ್ಷೆ ಮಾತ್ರ ಇಂದಿಗೂ ಕಾಗದದ ಮೇಲೆ: ಓದು, ಬರಹ, ಲೆಕ್ಕ, ಒಟ್ಟು 150 ಅಂಕ.

ನನ್ನ ಲೆಕ್ಕದಲ್ಲಿ ಆ್ಯಪ್ ಬಂದಿರುವುದು ಕಲಿಯುವವರಿಗಲ್ಲ, ಕಲಿಸುವವರಿಗೆ. ಮನೆಯ ಒಂದು ಫೋನು ಸಾಮಾನ್ಯವಾಗಿ ಮಗನ ಅಥವಾ ಗಂಡನ ಜೇಬಿನಲ್ಲಿರುತ್ತದೆ. ಕೂಲಿಯಿಂದ ಮರಳಿದ ಹೆಣ್ಣುಮಗಳಿಗೆ ಬಿಡುವಾಗುವುದು ರೊಟ್ಟಿ ಬಡಿದು, ಪಾತ್ರೆ ತೊಳೆದಿಟ್ಟ ಮೇಲೆ. ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಆ ಹೊತ್ತಿಗೆ ಫೋನ್ ಹಿಡಿದು ಜೊತೆಗೆ ಕುಳಿತರೆ ಪಾಠ ನಡೆಯುತ್ತದೆ, ಇಲ್ಲವಾದರೆ ನೋಂದಣಿಯಷ್ಟೇ ಉಳಿಯುತ್ತದೆ. ಉಲ್ಲಾಸ್‌ನ ಅವಧಿ 2026-27ಕ್ಕೆ ತೀರುತ್ತದೆ. ಅದರ ನಂತರದ ಯೋಜನೆಯ ಬಜೆಟ್‌ನಲ್ಲಿ ಪ್ರೇರಕರ ಗೌರವಧನ ಮರಳಬೇಕು, ಅದೂ 2,000ಕ್ಕಿಂತ ಹೆಚ್ಚು.