ಖಚತೂರಿಯನ್ ಎರಡನೇ ಸಿಂಫನಿ: ಮೂರನೇ ಭಾಗದ ಎರಡು ಹಾಡು ಬಿಡಿಸಿಕೊಂಡಿದ್ದು

ಮೂರು ವಾರ ಒದ್ದಾಡಿದ ಮೇಲೆ ನಿನ್ನೆ ರಾತ್ರಿ ಇದು ಕಿವಿಗೆ ಹತ್ತಿತು. ಮರೆಯುವ ಮುಂಚೆ ಬರೆದಿಡುತ್ತೇನೆ, ಇದೇ ಜಾಗದಲ್ಲಿ ಸಿಕ್ಕಿಕೊಂಡವರಿಗೂ ಆಗುತ್ತದೆ.

ಹಿನ್ನೆಲೆ ಇಷ್ಟು ಸಾಕು. ಅರಾಮ್ ಖಚತೂರಿಯನ್ ಸೋವಿಯತ್ ಕಾಲದ ಸಂಗೀತ ರಚನಕಾರರು, ಅರ್ಮೇನಿಯನ್ ಮನೆತನದವರು. 1903ರಲ್ಲಿ ಹುಟ್ಟಿದ್ದು, ಬೆಳೆದದ್ದು ಜಾರ್ಜಿಯಾದ ಟಿಬಿಲಿಸಿ ಕಡೆ. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಎರಡನೇ ಸಿಂಫನಿ ಬರೆದದ್ದು 1943ರಲ್ಲಿ, ಯುದ್ಧದ ನಡುವೆ. ಅದೇ ಡಿಸೆಂಬರ್ 30ರಂದು ಮಾಸ್ಕೋದಲ್ಲಿ ಮೊದಲ ಪ್ರದರ್ಶನ. ಒಟ್ಟು ನಾಲ್ಕು ಭಾಗ. ಶುರುವಿನಲ್ಲೇ ಇಡೀ ವಾದ್ಯವೃಂದದ ಜೊತೆ ಗಂಟೆ ಮೊಳಗುವುದರಿಂದ ‘ಗಂಟೆಯ ಸಿಂಫನಿ’ ಅನ್ನುವ ಹೆಸರು ಬಂತು.

‘ಜಾನಪದ ಆಧಾರಿತ’ ಎಂದು ಓದಿದ್ದರಿಂದ ನಾನು ಕೇಳಿದ ಪ್ರತಿಯೊಂದು ರಾಗವನ್ನೂ ಅರ್ಮೇನಿಯಾದ ಹಳ್ಳಿಯ ಹಾಡೇ ಅಂದುಕೊಂಡೆ. ಅದು ತಪ್ಪು. ಹೆಚ್ಚಿನವು ಅವರೇ ಕಟ್ಟಿದವು, ಜಾನಪದದ ಜಾಯಮಾನ ಮಾತ್ರ ಅಲ್ಲಿಯದು. ನಿಜವಾದ ಜನಪದ ಹಾಡು ಸಿಗುವುದು ಮೂರನೇ ಭಾಗದಲ್ಲಿ: ‘ವೋರ್ಸ್ಕನ್ ಅಖ್ಪೆರ್’, ಅಂದರೆ ‘ಬೇಟೆಗಾರಣ್ಣ’. ಬೆಟ್ಟದಿಂದ ಇಳಿದು ಬರುತ್ತಿರುವ ಬೇಟೆಗಾರನನ್ನು ನಿಲ್ಲಿಸಿ, ‘ಜಿಂಕೆ ಹುಡುಕಿಕೊಂಡು ಹೋಗಿದ್ದೆಯಲ್ಲ, ನನ್ನ ಜಿಂಕೆಯನ್ನ, ನನ್ನ ಕಂದನನ್ನ ನೋಡಿದೆಯಾ?’ ಎಂದು ತಾಯಿ ಕೇಳುವ ಹಾಡು. 1943ರಲ್ಲಿ ಎಷ್ಟು ಮನೆಗಳಲ್ಲಿ ಮಗನ ಸುದ್ದಿಗಾಗಿ ಹೀಗೆ ದಾರಿ ಕಾಯುತ್ತಿದ್ದರು ಅಂತ ನೆನೆದರೆ, ಈ ಹಾಡನ್ನೇ ಯಾಕೆ ಆರಿಸಿದರು ಅಂತ ಬೇರೆ ಹೇಳಬೇಕಿಲ್ಲ.

ಈಗ ನಾನು ಎಡವಿದ ಜಾಗ. ಅದೇ ಭಾಗದಲ್ಲಿ ಇನ್ನೊಂದು ರಾಗವೂ ಇದೆ: ‘ದೀಯೆಸ್ ಈರೇ’. ಇದು ಅರ್ಮೇನಿಯಾದ್ದಲ್ಲ, ಜಾನಪದವೂ ಅಲ್ಲ. ಮಧ್ಯಯುಗದ ಕ್ಯಾಥೊಲಿಕ್ ಚರ್ಚಿನಲ್ಲಿ ಸತ್ತವರಿಗಾಗಿ ಹಾಡುತ್ತಿದ್ದ ಲ್ಯಾಟಿನ್ ಸ್ತೋತ್ರ. ಬೆರ್ಲಿಯೋಜ್, ಲಿಸ್ಟ್, ರಖ್ಮಾನಿನೋವ್ ಮುಂತಾದ ರಚನಕಾರರೆಲ್ಲರೂ ಸಾವಿನ ಗುರುತಾಗಿ ಇದನ್ನು ಬಳಸಿದ್ದಾರೆ. ನನಗೆ ಎರಡೂ ಒಂದೇ ಶೋಕಗೀತೆಯಾಗಿ ಕೇಳುತ್ತಿದ್ದವು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಸರಿಗಮ. ಸ್ತೋತ್ರದ ಮೊದಲ ಸಾಲು ಹೀಗೆ:

ಗ ರಿ ಗ ಸ | ರಿ ನಿ ಸ ಸ

ನಿ ಮಾತ್ರ ಮಂದ್ರದ್ದು, ಅಂದರೆ ಕೆಳಗಿನ ಸ್ಥಾಯಿಯದು. ಇದನ್ನು ಹಾಡಿಕೊಂಡರೂ ಸಿಂಫನಿಯಲ್ಲಿ ಸಿಗಲಿಲ್ಲ. ಎರಡು ದಿನ ಹುಡುಕಿದೆ. ತಪ್ಪು ಎಲ್ಲಿತ್ತೆಂದರೆ, ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಕಲಿತ ಗಂಟಲು ತಾನಾಗಿ ಆ ಪಾಠದ ರಾಗವಾದ ಮಾಯಾಮಾಳವಗೌಳಕ್ಕೆ ಹೋಗುತ್ತದೆ. ಅಲ್ಲಿ ಶುದ್ಧ ರಿಷಭ, ಅಂತರ ಗಾಂಧಾರ. ಗ ಮತ್ತು ರಿ ನಡುವೆ ಮೂರು ಅರ್ಧಸ್ವರದ ಅಂತರ (ಕೀಬೋರ್ಡಿನ ಬಿಳಿ, ಕಪ್ಪು ಎಲ್ಲ ಕೀ ಎಣಿಸಿದರೆ ಒಂದು ಕೀಯಿಂದ ಮುಂದಿನದಕ್ಕೆ ಒಂದು ಅರ್ಧಸ್ವರ). ಇಲ್ಲಿ ಬೇಕಾದದ್ದು ಒಂದೇ ಅರ್ಧಸ್ವರ. ಹಾಗಾಗಿ ಖರಹರಪ್ರಿಯ ರಾಗದ ಸ್ವರಗಳನ್ನು ಹಿಡಿಯಿರಿ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಗಮಕ, ಅಂದರೆ ಸ್ವರವನ್ನು ತೂಗುವುದು, ಬೇಡವೇ ಬೇಡ, ಕಡ್ಡಿಯ ಹಾಗೆ ನೇರ ಸ್ವರ. ಕೀಬೋರ್ಡ್ ಇದ್ದವರು ಎಫ್, ಇ, ಎಫ್, ಡಿ ಒತ್ತಿ ನೋಡಿ. ‘ಗ ರಿ ಗ’ ಅಂದಾಗ ಸ್ವರ ಒಂದು ಕೂದಲೆಳೆ ಇಳಿದು ಮತ್ತೆ ಅಲ್ಲಿಗೇ ಬರುತ್ತದೆ, ಆಮೇಲೆ ‘ಸ’ಗೆ ದಪ್ ಎಂದು ಬೀಳುತ್ತದೆ. ಆ ಬೀಳುವಿಕೆಯೇ ಗುರುತು. ಅದನ್ನು ಹತ್ತು ಸಲ ಗುನುಗಿ, ಆಮೇಲೆ ಮೂರನೇ ಭಾಗ ಹಾಕಿ. ಭಾರವಾದ ಹೆಜ್ಜೆಯಂಥ ಲಯದ ಮೇಲೆ ತಾಯಿಯ ಹಾಡು ಒಂದು ಕಡೆ, ಆ ನಾಲ್ಕು ಸ್ವರ ಇನ್ನೊಂದು ಕಡೆ ನಿಲ್ಲುತ್ತವೆ. ನನಗೆ ಹಾಗೆ ಬೇರೆಯಾಗಿ ಕೇಳಿಸಿದ ಗಳಿಗೆಯಲ್ಲಿ ಮೈ ಜುಮ್ಮೆಂದಿತು: ಅವಳು ಇನ್ನೂ ಕೇಳುತ್ತಲೇ ಇದ್ದಾಳೆ, ಉತ್ತರ ಬಂದುಬಿಟ್ಟಿದೆ.

ಪರೀಕ್ಷೆಗೆ ಬೇಕಾದೀತು: ಸೋವಿಯತ್ ಕಲೆಗೆ ಆಗಿನ ಸೂತ್ರ ‘ರೂಪದಲ್ಲಿ ರಾಷ್ಟ್ರೀಯ, ಸಾರದಲ್ಲಿ ಸಮಾಜವಾದಿ’. ಇಷ್ಟು ಜಾನಪದ ತುಂಬಿಕೊಂಡಿದ್ದರೂ 1948ರ ಕಮ್ಯುನಿಸ್ಟ್ ಪಕ್ಷದ ನಿರ್ಣಯ ಶೋಸ್ತಕೋವಿಚ್, ಪ್ರೊಕೋಫಿಯೆವ್ ಎಂಬ ರಚನಕಾರರ ಜೊತೆಗೆ ಖಚತೂರಿಯನ್‌ರನ್ನೂ ‘ರೂಪವಾದಿ’ (ಜನರಿಗಿಂತ ರೂಪದ ಪ್ರಯೋಗವೇ ಮುಖ್ಯ ಅನ್ನುವವರು) ಎಂದು ಖಂಡಿಸಿತು. ಜಾನಪದ ಬಳಸಿದವರು ಸುರಕ್ಷಿತರು ಎಂದು ಉತ್ತರದಲ್ಲಿ ಬರೆಯಬೇಡಿ.

ಇನ್ನೊಂದು. ಪಕ್ಕಪಕ್ಕದ ಎರಡು ಸ್ವರ ಒಟ್ಟಿಗೆ ಬಾರಿಸಿದಾಗ ಬರುವ ಆ ಒರಟು ನಾದ ಖಚತೂರಿಯನ್ ಸಂಗೀತದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಬಾಲ್ಯದಲ್ಲಿ ಕೇಳಿದ ತಾರ್, ಕಮಾಂಚಾ ಎಂಬ ತಂತಿವಾದ್ಯಗಳು, ದಮ್ಮಡಿಯಂಥ ತಾಳವಾದ್ಯದ ಮೇಳದಿಂದ ಬಂದದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಜಾನಪದ ರಾಗದಲ್ಲಷ್ಟೇ ಅಲ್ಲ, ಸ್ವರಗಳು ಒಂದಕ್ಕೊಂದು ತಾಕುವ ರೀತಿಯಲ್ಲೂ ಇದೆ. ಈ ವಾರ ಎರಡನೇ ಭಾಗವನ್ನು ಇದೊಂದಕ್ಕೇ ಕಿವಿಗೊಟ್ಟು ಕೇಳುತ್ತೇನೆ.